ಶರಣಬಸಮ್ಮನ ಹೆಪ್ಪು

ನೆರೂಳ್
13 ಫೆಬ್ರವರಿ 2011

ಜ್ಯೋತಿ,

ಎರಡು ವಾರದಿಂದ ನಿನ್ನ ಫೋನ್ ಬಂದ್ ಇದೆ. ಕಳೆದ ಭಾನುವಾರ ಕಲ್ಯಾಣಕ್ಕೆ ಬಂದಿದ್ದೆ. ನಿಮ್ಮ ಚಾಳಿನ ಬಾಗಿಲವರೆಗೂ ಬಂದು, ಒಳಗೆ ನಿನ್ನವ್ವ ಶರಣಬಸಮ್ಮ ಕಾಕು ಕೆಮ್ಮಿದ್ದು ಕೇಳಿ, ಬಾಗಿಲು ತಟ್ಟದೆ ಹಿಂದಕ್ಕೆ ಹೋದೆ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಕನ್ನಡ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು. ಡೊಂಬಿವಲಿಯ ನಮ್ಮ ಶಾಲೆಯಲ್ಲಿ ಹತ್ತನೆಯ ತನಕ ನನ್ನ ಕಾಗುಣಿತ ತಿದ್ದಿದವಳು ನೀನೇ.

ಜನವರಿ ಮೂವತ್ತೊಂದರ ಮರಾಠಿ ಪೇಪರ್ ನೀವು ನೋಡಿದ್ದೀರಿ ಎಂದು ಗೊತ್ತು. 'ಕಲ್ಯಾಣದ ಮೊಸರಿನಲ್ಲಿ ಔಷಧಕ್ಕೂ ಸಾಯದ ಕ್ರಿಮಿ' ಎಂಬ ತಲೆಬರಹ ನನ್ನದಲ್ಲ. ಆದರೆ ಸುದ್ದಿ ಹೋದದ್ದು ನನ್ನ ಬಾಯಿಂದಲೇ. ವಾಶಿಯಲ್ಲಿ ಒಂದು ಸೆಮಿನಾರ್ ಇತ್ತು. ನನ್ನ ಪಿಎಚ್‌ಡಿ ಕೆಲಸದ ಚಾರ್ಟ್ ಗೋಡೆಗೆ ಹಾಕಿ ಪಕ್ಕದಲ್ಲಿ ನಿಂತಿದ್ದೆ. ಬೆಳಗಿನಿಂದ ಯಾರೂ ನನ್ನ ಹತ್ತಿರ ಬಂದಿರಲಿಲ್ಲ. ಒಬ್ಬ ವರದಿಗಾರ ಬಂದು, ಈ ಮೊಸರು ಎಲ್ಲಿಯದು ಎಂದು ಕೇಳಿದ. ಕೇಳಿದನಲ್ಲ ಎಂಬ ಖುಷಿಗೆ ಬಾಯಿ ಜಾರಿ ಹೇಳಿಬಿಟ್ಟೆ: ಕಲ್ಯಾಣ ಸ್ಟೇಷನ್ನಿನ ಪೂರ್ವಕ್ಕೆ, ಪಾದಚಾರಿ ಸೇತುವೆ ಇಳಿದಲ್ಲಿ, ಕಲಬುರಗಿ ಕಡೆಯ ಒಬ್ಬರು ಗಡಿಗೆಯಲ್ಲಿ ಮಾರುತ್ತಾರೆ, ಎಂಥ ಹಾಲಿದ್ದರೂ ಅವರ ಕೈಯಲ್ಲಿ ಮೊಸರಾಗುತ್ತದೆ ಎಂದು. ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ಸಾಕು ಅಂದುಕೊಂಡಿದ್ದೆ.

ನಾನು ಕಂಡದ್ದನ್ನು ನಿನಗೆ ಸರಿಯಾಗಿ ಹೇಳಬೇಕು. ಪೇಪರಿನವರು ಹೇಳಿದ ಹಾಗಲ್ಲ ಅದು. ಕಾಕುವಿನ ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ಕೆಟ್ಟವಲ್ಲ, ಹಾಲನ್ನು ಮೊಸರು ಮಾಡುವುದೇ ಅವು. ಆದರೆ ಅವುಗಳಲ್ಲಿ ಕೆಲವು ಟೆಟ್ರಾಸೈಕ್ಲಿನ್ ಎಂಬ ಔಷಧ ಹಾಕಿದರೂ ಸಾಯುವುದಿಲ್ಲ. ಆ ಶಕ್ತಿ ಕೊಡುವ ಜೀನ್ ಅವುಗಳದ್ದಲ್ಲ. ಬೇರೆ ಯಾವುದೋ ಜಾತಿಯ ಬ್ಯಾಕ್ಟೀರಿಯಾದಿಂದ ಬಂದದ್ದು. ನಮ್ಮಲ್ಲಿ ಗುಣ ಬರುವುದು ತಾಯಿತಂದೆಯಿಂದ. ಅವುಗಳಲ್ಲಿ ಪಕ್ಕದಲ್ಲಿದ್ದದ್ದು ಪಕ್ಕದ್ದಕ್ಕೆ ಅಂಟಿ ನಿಂತು ಜೀನಿನ ಒಂದು ನಕಲನ್ನು ದಾಟಿಸಿಬಿಡುತ್ತದೆ, ಸಂಬಂಧ ಇರಬೇಕೆಂದಿಲ್ಲ. ಮುಂದಕ್ಕೂ ದಾಟುತ್ತದೆಯೇ ಎಂದು ನೋಡಲು ಕಾಕುವಿನ ಮೊಸರಿನ ಬ್ಯಾಕ್ಟೀರಿಯಾವನ್ನೂ ಮನುಷ್ಯರ ಕರುಳಿನಲ್ಲಿರುವ ಇನ್ನೊಂದು ಜಾತಿಯನ್ನೂ ಒಂದೇ ಫಿಲ್ಟರಿನ ಮೇಲೆ ಒಂದು ದಿನ ಒಟ್ಟಿಗೆ ಬಿಟ್ಟೆ. ಆಮೇಲೆ ಔಷಧ ಬೆರೆಸಿದ ತಟ್ಟೆಯಲ್ಲಿ ಹಚ್ಚಿದೆ. ಅಲ್ಲಿ ಬೆಳೆಯಲೇಬಾರದಿದ್ದ ಕರುಳಿನ ಬ್ಯಾಕ್ಟೀರಿಯಾ ಬೆಳೆದಿತ್ತು. ಹದಿನೇಳು ಬಿಳಿ ಚುಕ್ಕೆ. ಲ್ಯಾಬಿನಲ್ಲಿ ಕುಣಿದಾಡಿದೆ, ಜ್ಯೋತಿ. ಅದನ್ನೂ ಮುಚ್ಚಿಡುವುದಿಲ್ಲ.

ಆ ಮೊಸರು ತಿಂದವರಿಗೆ ರೋಗ ಬರುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಮೂಲ ತೊಂದರೆ ಹಾಲಿನದು. ಎಮ್ಮೆಗೆ ಕೆಚ್ಚಲು ಬಾವು ಬಂದಾಗ ಚುಚ್ಚುಮದ್ದು ಕೊಟ್ಟರೆ ಕೆಲವು ದಿನದ ಹಾಲನ್ನು ಚೆಲ್ಲಬೇಕು. ಎಮ್ಮೆ ಸಾಕುವ ತಬೇಲಾದವರು ಚೆಲ್ಲುವುದಿಲ್ಲ. ಅಂಥ ಹಾಲಿನಲ್ಲಿ ಬೇರೆಯವರ ಹೆಪ್ಪು ಸತ್ತು ಹಾಲು ನೀರುನೀರಾಗಿ ಉಳಿಯುತ್ತದೆ. ಕಾಕುವಿನ ಹೆಪ್ಪು ವರ್ಷಗಟ್ಟಲೆ ಅದರಲ್ಲೇ ಬದುಕಿ ಪಳಗಿದೆ. ಕಾಕು ಹಾಲನ್ನು ಎಲ್ಲಿಂದ ತರುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವರನ್ನೇ ಕೇಳಬಹುದಿತ್ತು.

ಕಾಕುವಿಗೆ ಏನು ಹೇಳಬೇಕೋ ತಿಳಿಯದು. ನೀನೇ ಏನಾದರೂ ಹೇಳು.

ನಿನ್ನ
ಅಶ್ಮಿತಾ


ಕಲ್ಯಾಣ ಪೂರ್ವ
2 ಮಾರ್ಚ್ 2011

ಅಶ್ಮಿತಾ,

ಕಾಗದ ಸಿಕ್ಕಿತು. ಅವ್ವನಿಗೆ ಓದಿ ಹೇಳಿಲ್ಲ. ಹದಿನೇಳು ಚುಕ್ಕೆ ನೋಡಿ ನೀನು ಕುಣಿದದ್ದನ್ನು ಹೇಗೆ ಓದಲಿ?

ಇಲ್ಲಿ ಏನಾಯಿತು ಎಂದು ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ಪೇಪರ್ ಬಂದ ದಿನ ಅವ್ವನಿಗೆ ಏನೂ ಗೊತ್ತಿರಲಿಲ್ಲ. ಎಂದಿನಂತೆ ಆರು ಗಡಿಗೆ ಹೊತ್ತು ಸೇತುವೆ ಕೆಳಗೆ ಕೂತಿದ್ದಳು. ಯಾರೋ ಒಬ್ಬ ಹೆಂಗಸು, ದಿನಾ ಒಯ್ಯುವವಳೇ, ಪೇಪರನ್ನು ಮಡಚಿ ಅವ್ವನ ಮುಂದೆ ಎಸೆದು, "ನಮ್ಮ ಮಕ್ಕಳಿಗೆ ಇದನ್ನು ತಿನ್ನಿಸಿದೆಯಾ" ಅಂದಳಂತೆ. ಅವ್ವನಿಗೆ ಓದಲು ಬರುವುದಿಲ್ಲ. ಪಕ್ಕದ ಹೂ ಮಾರುವ ಮರೆಮ್ಮನನ್ನು ಕೇಳಿದಳು, ಆಕೆಗೂ ಬರುವುದಿಲ್ಲ. ಹನ್ನೊಂದು ಗಂಟೆಗೆ ಪಾಲಿಕೆಯವರು ಇಬ್ಬರು ಬಂದು, ಎರಡು ಗಡಿಗೆ ಮೊಸರನ್ನು ಚರಂಡಿಗೆ ಸುರಿದು, ಉಳಿದ ನಾಲ್ಕನ್ನು ಅವಳ ಕೈಯಿಂದಲೇ ಸುರಿಸಿದರು. ಜನ ಮೊಬೈಲಿನಲ್ಲಿ ಫೋಟೊ ತೆಗೆದರು. ನಾನು ಭಿವಂಡಿಯ ಗೋಡೌನಿನಲ್ಲಿ ಡ್ಯೂಟಿಯಲ್ಲಿದ್ದೆ. ಮನೆಗೆ ಬಂದಾಗ ಅವ್ವ ಖಾಲಿ ಗಡಿಗೆ ತೊಳೆಯುತ್ತಿದ್ದಳು. "ಜ್ಯೋತಿ, ನನ್ ಮೊಸರಿನಾಗ ಹುಳ ಅದಾವಂತ. ಇಪ್ಪತ್ತೆಂಟು ವರ್ಷ ಆತು, ನಾ ಒಂದೂ ನೋಡಿಲ್ಲ" ಅಂದಳು.

ಆ ಹೆಪ್ಪು ಅವಳ ಅತ್ತೆ ಚಂದವ್ವನದು. ಅಫಜಲಪುರದಿಂದ ರೈಲಿನಲ್ಲಿ ಬರುವಾಗ ಮಡಿಲಲ್ಲಿಟ್ಟುಕೊಂಡು ತಂದದ್ದು. ನಮ್ಮಪ್ಪ ಶಿವರಾಯ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡ ವಾರವೂ ಹೆಪ್ಪು ಹಾಕುವುದು ತಪ್ಪಲಿಲ್ಲ. ಅದು ನಿನಗೂ ಗೊತ್ತು. ಆಗ ನಿಮ್ಮಮ್ಮ ಉಮಾವತಿ ಆಂಟಿ ನಿನ್ನನ್ನು ಕರೆದುಕೊಂಡು ಬಂದಿದ್ದರು.

ಮೊದಲು ನಮ್ಮ ಮೊಸರು ಬೇಡ ಅಂದವರು ಯಾರು ಗೊತ್ತೇ? ನಿಮ್ಮಪ್ಪ. ಮರುದಿನವೇ ಡೊಂಬಿವಲಿಯ ತಮ್ಮ ಹೋಟೆಲಿನ ಗಲ್ಲಾದ ಮೇಲೆ ಬೋರ್ಡ್ ಹಾಕಿದರು, 'ನಮ್ಮಲ್ಲಿ ಹೊರಗಿನ ಮೊಸರು ಬಳಸುವುದಿಲ್ಲ' ಎಂದು. ಅದನ್ನು ನೋಡಿ ನಮ್ಮ ಮೊಸರು ಕೊಳ್ಳುತ್ತಿದ್ದ ಉಳಿದ ಮೂರು ಹೋಟೆಲಿನವರೂ ಬಿಟ್ಟರು.

ಹಾಲು ಎಲ್ಲಿಂದ ಬರುತ್ತದೋ ಗೊತ್ತಿಲ್ಲ ಎಂದು ಬರೆದಿದ್ದೀ. ನಿಮ್ಮಪ್ಪ ಮುಂಡಪ್ಪ ಶೇಟ್ರ ಹೋಟೆಲಿನ ಹಾಲೇ ನಮ್ಮ ಮನೆಗೆ ಬರುತ್ತಿದ್ದದ್ದು. ಅವರ ಹೋಟೆಲಿನಲ್ಲಿ ಮೊಸರಾಗದ ಹಾಲು. ಏಳು ವರ್ಷದಿಂದ. ಅದರಲ್ಲಿ ಅರ್ಧ ಮೊಸರು ಅವರಿಗೇ ವಾಪಸು ಹೋಗುತ್ತಿತ್ತು, ಉಳಿದದ್ದನ್ನು ಅವ್ವ ಮಾರುತ್ತಿದ್ದಳು. ಈಗ ಹೋಗಿ ಕೇಳು.

ಜ್ಯೋತಿ


ನೆರೂಳ್
28 ಮಾರ್ಚ್ 2011

ಜ್ಯೋತಿ,

ಕೇಳಿದೆ.

ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ, ಗಲ್ಲಾದಲ್ಲಿ ಪಪ್ಪ ಒಬ್ಬರೇ ಇದ್ದಾಗ ಹೋದೆ. ನಾವು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶರಣಬಸಮ್ಮನಿಗೆ ಹಾಲು ನಾವೇ ಕೊಡುತ್ತಿದ್ದದ್ದಾ?" ಎಂದೆ.

"ಹೌದು. ಮತ್ತೆ ಎಂತ ಮಾಡ್ಬೇಕಿತ್ತು, ಚೆಲ್ಲಬೇಕಿತ್ತಾ? ನಮ್ಮಲ್ಲಿ ಹೆಪ್ಪು ಹಾಕಿದ್ರೆ ನೀರು ನೀರು. ಅವಳ ಹತ್ರ ಗಟ್ಟಿ ಆಗ್ತದೆ. ಅಗ್ಗಕ್ಕೆ ಸಿಗ್ತದೆ ಅಂತ ಅವಳಿಗೂ ಖುಷಿ."

"ಅದರಲ್ಲಿ ಮದ್ದು ಇದೆ ಅಂತ ಗೊತ್ತಿತ್ತಾ?"

"ತಬೇಲಾದವ ಹೇಳಿದ್ದ. ಎಮ್ಮೆಗೆ ಇಂಜೆಕ್ಷನ್ ಕೊಟ್ಟದ್ದು, ಎರಡು ದಿನ ಮೊಸರಿಗೆ ಆಗುದಿಲ್ಲ, ಚಹಾಕ್ಕೆ ಹಾಕಿ ಅಂತ."

"ಚಹಾಕ್ಕೂ ಹಾಕಿದ್ದೀರಾ?"

"ಚಹಾ ಗಟ್ಟಿ ಆಗ್ಬೇಕಂತ ಇಲ್ಲ ಅಲ್ಲ."

ಹೀಗೆ ಹೇಳಿ, ಆಗ ತಾನೇ ಚಹಾ ಕುಡಿದು ಎದ್ದ ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟರು. ಬೋರ್ಡ್ ತೆಗೆಯಿರಿ ಎಂದೆ. ತೆಗೆಯಲಿಲ್ಲ. ನಲವತ್ತು ವರ್ಷ ಈ ಊರಿನಲ್ಲಿ ಮರ್ಯಾದೆಯಿಂದ ಬದುಕಿದ್ದೇನೆ, ನೀನು ಕಲಿತವಳು, ಮನೆಯದನ್ನು ಬೀದಿಗೆ ತರಬೇಡ ಎಂದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಎಷ್ಟು ಗೊತ್ತಿತ್ತೋ ಕೇಳುವ ಧೈರ್ಯವಾಗಲಿಲ್ಲ.

ಆ ಹೋಟೆಲಿನ ಅನ್ನ ತಿಂದೇ ನಾನು ಬೆಳೆದದ್ದು. ಕಾಕುವಿನ ಮುಖ ನೋಡಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಪಪ್ಪನ ಪರವಾಗಿ ಕ್ಷಮೆ ಕೇಳುತ್ತೇನೆ.

ಅಶ್ಮಿತಾ


ಕಲ್ಯಾಣ ಪೂರ್ವ
17 ಏಪ್ರಿಲ್ 2011

ಅಶ್ಮಿತಾ,

ಅಪ್ಪನ ಪರವಾಗಿ ಕ್ಷಮೆ ಕೇಳಿದ್ದೀ. ಸರಿ.

ಅವ್ವ ಈಗ ಕೊಳಸೇವಾಡಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಬೆಳಿಗ್ಗೆ ನೂರು, ಸಂಜೆ ನೂರು. ಮನೆಯಲ್ಲಿ ಹೆಪ್ಪನ್ನು ಮಾತ್ರ ಬಿಟ್ಟಿಲ್ಲ. ದಿನಾ ಒಂದು ಲೋಟ ಹಾಲಿಗೆ ಹಾಕಿ, ಬೆಳಿಗ್ಗೆ ಗಟ್ಟಿಯಾದದ್ದನ್ನು ನೋಡಿ, ಯಾರಿಗೂ ಕೊಡದೆ ಚೆಲ್ಲುತ್ತಾಳೆ.

ನನಗೆ ಎರಡು ಮಾತು ಕೇಳಬೇಕಿದೆ. ನನ್ನ ಮಗಳು ಮಾನಸಿಗೆ ನಾಲ್ಕು ವರ್ಷ. ಹಲ್ಲು ಬಂದಾಗಿನಿಂದ ಅದೇ ಮೊಸರು ತಿಂದಿದ್ದಾಳೆ. ಹೋದ ಮಳೆಗಾಲ ಅವಳಿಗೆ ಜ್ವರ ಬಂದಾಗ ಮೊದಲ ಡಾಕ್ಟರ್ ಕೊಟ್ಟ ಔಷಧ ನಾಟಲಿಲ್ಲ, ಬದಲಾಯಿಸಬೇಕಾಯಿತು. ಅದು ಇದರಿಂದಲೇ? ನಿನಗೆ ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳು.

ಎರಡನೆಯದು. 2009ರ ಡಿಸೆಂಬರಿನಲ್ಲಿ ನೀನು ಮೊಸರು ಒಯ್ಯಲು ನಮ್ಮ ಮನೆಗೆ ಬಂದೆ. ಕೂರಲು ಜಾಗ ಇರಲಿಲ್ಲ. ಬಾಗಿಲ ಹತ್ತಿರ ಹಾಲಿನ ಕ್ಯಾನ್ ಇತ್ತು. ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ನಿಮ್ಮ ಹೋಟೆಲಿನ ಹೆಸರು ದೊಡ್ಡದಾಗಿ ಬರೆದಿತ್ತು. ಅದನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ನೀನು ಕೂತದ್ದು ನನಗೆ ನೆನಪಿದೆ. ನಿನಗೆ ನೆನಪಿಲ್ಲವೇ?

ಜ್ಯೋತಿ


ನೆರೂಳ್
22 ಮೇ 2011

ಜ್ಯೋತಿ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಮೊದಲು ಮಾನಸಿಯ ವಿಷಯ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ಅವಳಿಗೆ ಜ್ವರ ತಂದಿರಲಾರದು. ಅವಳಿಗೆ ಮೊದಲು ಕೊಟ್ಟ ಔಷಧ ಟೆಟ್ರಾಸೈಕ್ಲಿನ್ ಆಗಿರಲಿಕ್ಕಿಲ್ಲ, ಅಷ್ಟು ಚಿಕ್ಕ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಇದಕ್ಕೂ ಅದಕ್ಕೂ ಸಂಬಂಧ ಇಲ್ಲವೆಂದೇ ನನ್ನ ತಿಳಿವಳಿಕೆ. ಆದರೆ ಆ ಜೀನ್ ಅವಳ ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿಯೇ ಇಲ್ಲ ಎಂದು ಆಣೆ ಮಾಡಿ ಹೇಳಲಾರೆ. ನನ್ನ ಫಿಲ್ಟರಿನ ಮೇಲೆ ದಾಟಿತು. ಹೊಟ್ಟೆಯೊಳಗೆ ದಾಟುತ್ತದೋ ಇಲ್ಲವೋ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಅವಳು ಆರೋಗ್ಯವಾಗಿದ್ದಾಳೆ ತಾನೇ? ಹಾಗಿದ್ದರೆ ಹೆದರಬೇಡ. ಆ ಹೆಪ್ಪನ್ನು ಮಾತ್ರ ಇನ್ನು ಇಟ್ಟುಕೊಳ್ಳಬೇಡಿ. ಹಾಗೇ ಚರಂಡಿಗೆ ಚೆಲ್ಲಬೇಡಿ, ಚೆನ್ನಾಗಿ ಕುದಿಸಿ ಚೆಲ್ಲಿ. ಗಡಿಗೆಗಳನ್ನು ಬಿಟ್ಟು ಹೊಸವು ತನ್ನಿ. ಇದನ್ನು ಕಾಕುವಿಗೆ ಹೇಳುವುದು ಎಂಥ ಮಾತೆಂದು ನನಗೆ ಗೊತ್ತು.

ಇನ್ನು ಎರಡನೆಯದು. ನೆನಪಿದೆ. ಕ್ಯಾನ್ ನೋಡಿದೆ. ಅಕ್ಷರ ಓದಿದೆ. ಅದು ನನ್ನ ಕೈಬರಹವೇ, ಜ್ಯೋತಿ. ಎಂಟನೆಯ ತರಗತಿಯ ರಜೆಯಲ್ಲಿ ಹೋಟೆಲಿನ ಕ್ಯಾನುಗಳ ಮೇಲೆ ಹೆಸರು ಬರೆದವಳು ನಾನು.

ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಹಾಲು ಬಂದದ್ದು ಮುಂಡಪ್ಪ ಹೋಟೆಲಿನಿಂದ ಎಂದು. ಆರು ತಿಂಗಳ ಮೇಲೆ ಆ ಹದಿನೇಳು ಚುಕ್ಕೆ ಬಂದಾಗ, ಹಾಲಿನಲ್ಲಿ ಔಷಧ ಇದ್ದಿರಬೇಕು ಎಂದು ನನ್ನ ಗೈಡ್ ಹೇಳಿದರು. ಹಾಲು ಯಾರದು ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ನೋಡಬೇಕಾದದ್ದು ಏನೂ ಇರಲಿಲ್ಲ. ಆ ಸಂಜೆ ಆ ಪುಟ ಹರಿದು, ಅದೇ ಪುಟವನ್ನು ಮತ್ತೆ ಬರೆದೆ, ಒಂದು ಸಾಲು ಬಿಟ್ಟು. 'ಹಾಲಿನ ಮೂಲ ತಿಳಿದಿಲ್ಲ' ಎಂದು ಬರೆದೆ. ಪ್ರಬಂಧದಲ್ಲೂ ಹಾಗೇ ಅಚ್ಚಾಯಿತು. ವರದಿಗಾರ ಕೇಳಿದಾಗ ಸೇತುವೆ ಹೇಳಿದೆ, ಗಡಿಗೆ ಹೇಳಿದೆ, ಕಲಬುರಗಿ ಹೇಳಿದೆ. ಹೋಟೆಲು ಮಾತ್ರ ಬಾಯಿಗೆ ಬರಲಿಲ್ಲ. ಬಾಯಿ ಜಾರಿ ಹೇಳಿದೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆನಲ್ಲ. ಎಲ್ಲಿ ಜಾರಬೇಕು, ಎಲ್ಲಿ ಜಾರಬಾರದು ಎಂದು ನನ್ನ ಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಚಿನ ಕಾಗದದಲ್ಲಿ ಪಪ್ಪ ಆಡಿದ್ದೆಲ್ಲ ಬರೆದೆ, ಕೊನೆಯ ಮಾತು ಬಿಟ್ಟೆ. ನಾನು ಹೊರಡಲು ಎದ್ದಾಗ ಅವರು ದನಿ ತಗ್ಗಿಸಿ ಹೇಳಿದರು: "ನೀನು ಅವಳ ಮನೆಗೆ ಹೋದಾಗ ನಮ್ಮ ಕ್ಯಾನ್ ನೋಡಿಯೇ ಇರ್ತಿ, ನನಗೆ ಗೊತ್ತುಂಟು. ಆದ್ರೂ ಪೇಪರಿನವನಿಗೆ ನನ್ನ ಹೆಸರು ಹೇಳ್ಲಿಲ್ಲ. ಮಗಳು ಅಂದ್ರೆ ಹಾಗಿರ್ಬೇಕು." ಮತ್ತೆ ನನ್ನ ತಲೆ ಸವರಿದರು.

ಅದಾದ ಮೇಲೆ ಆ ಹೋಟೆಲಿಗೆ ಹೋಗಿಲ್ಲ. ಅವರ ಪರವಾಗಿ ಕ್ಷಮೆ ಕೇಳಿದ್ದೆನಲ್ಲ, ಅದು ಸುಳ್ಳು ಕ್ಷಮೆ. ನನ್ನದನ್ನು ಕೇಳಬೇಕಾಗಿತ್ತು. ಈಗ ಕೇಳುತ್ತಿದ್ದೇನೆ. ಇದನ್ನು ಕಾಕುವಿಗೆ ಓದು. ಒಂದು ಸಾಲೂ ಬಿಡಬೇಡ.

ಅಶ್ಮಿತಾ


ನೆರೂಳ್
20 ಆಗಸ್ಟ್ 2011

ಜ್ಯೋತಿ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ. ಈ ಮೂರು ತಿಂಗಳಲ್ಲಿ ಆದದ್ದನ್ನು ಮಾತ್ರ ತಿಳಿಸುತ್ತೇನೆ.

ನೋಟ್‌ಬುಕ್ಕಿನ ವಿಷಯವನ್ನು ಗೈಡ್‌ಗೆ ಹೇಳಿದೆ. ಅವರು ನೋಟ್‌ಬುಕ್ಕನ್ನು ತರಿಸಿ ಪುಟ ತಿರುವಿದರು. ಆಮೇಲೆ, "ಇನ್ನು ನಿನ್ನ ಯಾವ ಪುಟವನ್ನು ನಂಬಲಿ?" ಎಂದರು. ಪ್ರಯೋಗವನ್ನೆಲ್ಲ ಬೇರೆಯವರು ಮೊದಲಿನಿಂದ ಮಾಡಿ ನೋಡಿದರು. ಫಲಿತಾಂಶ ಸರಿಯಾಗಿತ್ತು. ಆದರೂ ನನ್ನ ಪಿಎಚ್‌ಡಿ ಒಂದು ವರ್ಷ ಹಿಂದಕ್ಕೆ ಹೋಗಿದೆ. ಹೋಗಬೇಕಾದದ್ದೇ.

ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು. ಈ ತಿಂಗಳು ಬಂದಿದೆ. ಕನ್ನಡ ಮಾಡಿ ಕೆಳಗೆ ಬರೆದಿದ್ದೇನೆ:

'ಹಾಲಿನ ಮೂಲ ತಿಳಿದಿಲ್ಲ ಎಂದು ಈ ಹಿಂದೆ ಹೇಳಿದ್ದು ತಪ್ಪು. ಹಾಲನ್ನು ಮೊಸರು ತಯಾರಕರಿಗೆ ಒಂದು ಉಪಾಹಾರಗೃಹ ಒದಗಿಸಿತ್ತು. ಆ ಹಾಲು ಚಿಕಿತ್ಸೆಯಲ್ಲಿದ್ದ ಪಶುಗಳದಾಗಿತ್ತು ಎಂದು ಈಗ ತಿಳಿದುಬಂದಿದೆ. ಈ ಉಪಾಹಾರಗೃಹ ಲೇಖಕಿಯೊಬ್ಬರ ಕುಟುಂಬದ್ದು.'

ಮರಾಠಿ ಪೇಪರಿಗೂ ಕಳಿಸಿದೆ. ಹಳೆಯ ಸುದ್ದಿ ಎಂದರು. ಎರಡು ಸಲ ಥಾಣೆ ನಗರದಲ್ಲಿರುವ ಅವರ ಆಫೀಸಿಗೆ ಹೋದೆ. ಅಚ್ಚು ಮಾಡಲಿಲ್ಲ.

ಕಾಕು ಮತ್ತೆ ಮೊಸರು ಮಾಡುವುದಾದರೆ, ಯಾವ ತಬೇಲಾದ ಹಾಲೇ ಇರಲಿ, ವಾರಕ್ಕೊಮ್ಮೆ ಪರೀಕ್ಷೆ ಮಾಡಿ ಕೊಡುತ್ತೇನೆ. ನಾನು ಮನೆಗೆ ಬರುವುದು ಬೇಡವಾದರೆ ಸ್ಟೇಷನ್ನಿನಲ್ಲಿ ಯಾರ ಕೈಯಲ್ಲಾದರೂ ಬಾಟಲಿ ಕೊಡಿಸು.

ಅಶ್ಮಿತಾ


ಕಲ್ಯಾಣ ಪೂರ್ವ
28 ಆಗಸ್ಟ್ 2011

ಅಶ್ಮಿತಾ,

ಮೇ ತಿಂಗಳ ನಿನ್ನ ಕಾಗದವನ್ನು ಅವ್ವನಿಗೆ ಪೂರ್ತಿ ಓದಿದೆ. ತಲೆ ಸವರಿದ ಸಾಲನ್ನೂ. ಮರುದಿನ ಅವ್ವ ಹೆಪ್ಪಿನ ಲೋಟವನ್ನು ಒಲೆಯ ಮೇಲಿಟ್ಟು, ಉಕ್ಕುಕ್ಕಿ ಒಡೆದು ನೀರಾಗುವ ತನಕ ಅಲ್ಲೇ ನಿಂತಿದ್ದಳು. "ಅತ್ತಿ ಸತ್ತಾಗ ನಾ ಊರಿಗಿ ಹೋಗಲಿಕ್ಕ ಆಗಲಿಲ್ಲ. ಇವತ್ತು ಮಣ್ಣು ಕೊಟ್ಟಂಗ ಆತು" ಅಂದಳು. ಉತ್ತರ ಬರೆಯುವ ಮನಸ್ಸು ನನಗೆ ಬರಲಿಲ್ಲ.

ಜುಲೈಯಿಂದ ಮತ್ತೆ ಮಾಡುತ್ತಿದ್ದಾಳೆ. ಮರೆಮ್ಮನ ಮನೆಯ ಹೆಪ್ಪು, ಬೇರೆ ತಬೇಲಾದ ಹಾಲು, ಹೊಸ ಗಡಿಗೆ. ಎರಡೇ ಗಡಿಗೆ. ಸಾಯಂಕಾಲಕ್ಕೆ ಒಂದೂವರೆ ಹಾಗೇ ವಾಪಸು ಬರುತ್ತದೆ. ಹಾಲಿನ ಬಾಟಲಿಯನ್ನು ಈ ಕಾಗದದ ಜೊತೆ ಒಬ್ಬರ ಕೈಯಲ್ಲಿ ಕಳಿಸಿದ್ದೇನೆ, ನೋಡಿ ಹೇಳು.

ನಿನ್ನ ತಿದ್ದುಪಡಿಯನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ಕೇಳಿದಳು, "ಇದರಾಗ ನನ್ ಹೆಸರು ಅದ ಏನು?" ಇಲ್ಲ ಅಂದೆ. "ಮುಂಡಪ್ಪ ಶೇಟ್‌ದು?" ಇಲ್ಲ ಅಂದೆ. "ಮೊದಲ ಪೇಪರಿನಾಗ ನನ್ ಹೆಸರು ಇತ್ತೇನು?" ಅದರಲ್ಲೂ ಇರಲಿಲ್ಲ ಅಂದೆ.

ಅವ್ವ ಹೇಳಿದಳು: "ಅವತ್ತು ಹೆಸರು ಇಲ್ದೇನೇ ಊರಿಗೆಲ್ಲ ನಾನಂತ ಗೊತ್ತಾತು. ಇವತ್ತು ಹೆಸರಿಲ್ದ ಯಾರಿಗಿ ಗೊತ್ತಾಗ್ತದ?"

ಜ್ಯೋತಿ


ನೆರೂಳ್
4 ಸೆಪ್ಟೆಂಬರ್ 2011

ಜ್ಯೋತಿ,

ಹಾಲು ಶುದ್ಧವಾಗಿದೆ. ಯಾವ ಔಷಧವೂ ಸಿಗಲಿಲ್ಲ.

ಕಾಕು ಕೇಳಿದ್ದನ್ನು ಮತ್ತೆ ಮತ್ತೆ ಓದಿದೆ. ಐದು ದಿನ ಯೋಚನೆ ಮಾಡಿದೆ. ಒಂದು ಮಾತು ಕೇಳುತ್ತೇನೆ, ಬೇಡವೆಂದರೆ ಬೇಡ. ಹದಿನೆಂಟನೆಯ ತಾರೀಕಿನ ಭಾನುವಾರದಿಂದ, ಕಾಕು ಕೂರುವ ಜಾಗದಲ್ಲಿ, ಅವರಿಗೆ ಅಡ್ಡವಾಗದಂತೆ ನಿಲ್ಲುತ್ತೇನೆ. ಯಾರು ಬಂದು ಕೇಳಿದರೂ, ಕೇಳದಿದ್ದರೂ, ನಡೆದದ್ದನ್ನು ಹೆಸರು ಹೇಳಿಯೇ ಹೇಳುತ್ತೇನೆ. ನನ್ನದು, ಪಪ್ಪನದು. ಮನೆಗೆ ಹೋಗಿ ಪಪ್ಪ, ಅಮ್ಮ ಇಬ್ಬರಿಗೂ ತಿಳಿಸಿ ಬಂದಿದ್ದೇನೆ. ಪಪ್ಪ ಬಾಗಿಲು ಹಾಕಿಕೊಂಡರು. ಅಮ್ಮ ಮೆಟ್ಟಿಲ ತನಕ ಬಂದು, "ಛತ್ರಿ ತೆಕ್ಕೊ, ಮಳೆ ನಿಲ್ಲಲಿಲ್ಲ ಇನ್ನೂ" ಎಂದರು, ಅಷ್ಟೇ.

ಕಾಕು ಒಪ್ಪುತ್ತಾರೋ ಕೇಳಿ ಬರೆ.

ಅಶ್ಮಿತಾ


ಕಲ್ಯಾಣ ಪೂರ್ವ
12 ಸೆಪ್ಟೆಂಬರ್ 2011

ಅಶ್ಮಿತಾ,

ಅವ್ವ ಹೂಂ ಅನ್ನಲಿಲ್ಲ. ಬ್ಯಾಡ ಅಂತಲೂ ಅನ್ನಲಿಲ್ಲ. ಬೆಳಿಗ್ಗೆ ಏಳಕ್ಕೆ ಗಡಿಗೆ ಇಡುತ್ತಾಳೆ.

ಜ್ಯೋತಿ


ಕಲ್ಯಾಣ ಪೂರ್ವ
4 ಅಕ್ಟೋಬರ್ 2011

ಅಶ್ಮಿ,

ಮೂರು ಭಾನುವಾರ ನೀನು ನಿಂತೆ. ನನಗೂ ಭಾನುವಾರ ರಜೆ, ಮೂರೂ ದಿನ ಮರೆಮ್ಮನ ಹೂವಿನ ಪಕ್ಕ ಕೂತು ನೋಡಿದೆ. ಮೊದಲ ದಿನ ನಿನ್ನ ದನಿಯೇ ಹೊರಡಲಿಲ್ಲ. ಬಟ್ಟೆಚೀಲ ಹಿಡಿದ ಆ ಮುದುಕರು, "ಇದೇ ಅಲ್ಲವೇ ಆ ಹುಳದ ಮೊಸರು" ಎಂದು ಮರಾಠಿಯಲ್ಲಿ ಕೇಳಿದಾಗ ನೀನು ನೆಲ ನೋಡುತ್ತಾ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಪೇಪರಿನಲ್ಲಿ ಅದು ಬಂದದ್ದು ನನ್ನಿಂದ. ಮದ್ದಿನ ಹಾಲು ಕೊಟ್ಟವರು ನನ್ನ ತಂದೆ, ಡೊಂಬಿವಲಿಯ ಹೋಟೆಲಿನ ಮುಂಡಪ್ಪ. ಗೊತ್ತಿದ್ದೂ ಮುಚ್ಚಿಟ್ಟವಳು ನಾನು. ಈಗ ಹಾಲೂ ಬೇರೆ, ಹೆಪ್ಪೂ ಬೇರೆ, ನಾನೇ ಪರೀಕ್ಷೆ ಮಾಡಿದ್ದೇನೆ. ಇವರ ತಪ್ಪು ಏನೂ ಇಲ್ಲ." ಅವರು ನಿನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮೊಸರು ತೆಗೆದುಕೊಳ್ಳಲಿಲ್ಲ. ಎರಡನೆಯ ಭಾನುವಾರ ಅವರೇ ಬಂದು ಅರ್ಧ ಸೇರು ಒಯ್ದರು. ಮೂರನೆಯ ಸಲ ಇಬ್ಬರು ನೆರೆಯವರನ್ನು ಕರೆತಂದರು, ಮೊಸರಿಗೋ ನಿನ್ನ ಮಾತು ಕೇಳಿಸಲಿಕ್ಕೋ ತಿಳಿಯದು. ಕೆಲವರು ನಕ್ಕರು. ಹೋಟೆಲಿನವರೊಬ್ಬರು, ಅಪ್ಪನ ಮಾನ ಬೀದಿಯಲ್ಲಿ ಹರಾಜು ಹಾಕುವ ಮಗಳು ಎಂದು ಉಗುಳಿ ಹೋದರು. ನೀನು ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದೆ.

ಮೂರನೆಯ ಭಾನುವಾರ ಸೇತುವೆಯ ಮೇಲೆ ನಿಮ್ಮಪ್ಪ ನಿಂತಿದ್ದರು. ನಿನ್ನ ಬೆನ್ನು ಆ ಕಡೆಗಿತ್ತು, ನೀನು ನೋಡಲಿಲ್ಲ. ಕಂಬಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಕೆಳಗೆ ಇಳಿಯಲಿಲ್ಲ. ನನ್ನ ಕಣ್ಣಿಗೆ ಕಣ್ಣು ಬಿದ್ದಾಗ ತಿರುಗಿ ಪ್ಲಾಟ್‌ಫಾರ್ಮಿಗೆ ಹೋದರು. ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಅವ್ವ ಮೂರು ಭಾನುವಾರವೂ ನಿನ್ನ ಜೊತೆ ಮಾತಾಡಲಿಲ್ಲ. ನಿನ್ನೆ ಸ್ಟೇಷನ್ನಿನಲ್ಲಿ ಸಿಕ್ಕಾಗ, ಕಾಕುವಿಗೆ ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆಯಲ್ಲ. ಮನೆಗೆ ಬಂದು ಅದನ್ನೇ ಅವಳನ್ನು ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಉದುರಿಸುತ್ತಾ ಕೂತಳು. ಆಮೇಲೆ ಹೇಳಿದಳು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಸಿಟ್ಟಿಲ್ಲ. ಆಕಿ ನಿಂತು, ಇವರದೇನೂ ತಪ್ಪಿಲ್ಲ ಅಂತ ಮಂದಿಗಿ ಹೇಳುವಾಗ ನನಗ ತಲಿ ಎತ್ತಲಿಕ್ಕ ಆಗಲ್ದು. ಆ ಹಾಲಿಗಿ ಔಷಧದ ವಾಸನಿ ಇರ್ತಿತ್ತು, ಜ್ಯೋತಿ. ಕಾಸುವಾಗ ಮೂಗಿಗಿ ಹೊಡಿತಿತ್ತು. ಮೊದಲ ವರ್ಷದಾಗೇ ಗೊತ್ತಾತು. ಶೇಟ್‌ರ ಮಂದಿಗಿ ಕೇಳ್ದೆ. ಕುದಿಸಿದ್ರ ಹೋಗ್ತದ ಅಂದ್ರು. ಹೋಗಲಿಲ್ಲ. ಹೋಗಂಗಿಲ್ಲ ಅಂತ ಗೊತ್ತಿದ್ದೂ ಹೆಪ್ಪ ಹಾಕ್ದೆ. ಅಗ್ಗ ಅದ ಅಂತ ಹಾಕ್ದೆ. ಯಾರ ಕೈಯಾಗೂ ಆಗಲ್ದು ನನ್ ಕೈಯಾಗ ಆಗ್ತದ ಅಂತ ಸೊಕ್ಕಿಗಿ ಹಾಕ್ದೆ. ಏಳು ವರ್ಷ ಮಂದಿಗಿ ಉಣಿಸ್ದೆ. ನಿನ್ ಮಗಳಿಗಿ ಉಣಿಸ್ದೆ."

ಮಾನಸಿ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅವ್ವ ಅವಳನ್ನು ನೋಡಲಿಲ್ಲ. ನಾನೂ ಅವ್ವನನ್ನು ನೋಡಲಿಲ್ಲ. ಎಂಟು ತಿಂಗಳಿಂದ ನಿನ್ನ ಮೇಲೆ ಎಷ್ಟು ಸುಲಭವಾಗಿ ಸಿಟ್ಟು ಮಾಡಿದ್ದೆ ಎಂದು ಯೋಚಿಸುತ್ತಿದ್ದೆ.

ಆಮೇಲೆ ಅವ್ವ ಮತ್ತೆ ಹಿಟ್ಟು ತಟ್ಟಲು ಶುರು ಮಾಡಿದಳು. ಬೆನ್ನು ಈ ಕಡೆ ಮಾಡಿಯೇ ಹೇಳಿದಳು, ಅಶ್ಮಿಗೆ ಬರೆ ಎಂದು. ಅದಕ್ಕೇ ಈ ಕಾಗದ.

"ಮುಂದಿನ ಐತವಾರ ಆಕಿಗಿ ಬಾ ಅನ್ನು. ಆದ್ರ ಆಕಿ ಸುಮ್ನ ನಿಲ್ಲಲಿ. ನಾ ಹೇಳ್ತೀನಿ."

ಜ್ಯೋತಿ